ಅಮಲಿನ ಮಾತಾಯಿತು, ಹಾರ್ಮೋನಿನದು?

ಸಿಂಗಪುರದಲ್ಲಿ ಕೆ-ಪಾಡ್ ಎಂದು ಕರೆಯುವ, ಮತ್ತೇರಿಸುವ ಔಷಧ ಬೆರೆಸಿದ ವೇಪ್ (ಇ-ಸಿಗರೇಟ್) ಕುರಿತು ನಾನು ಓದಿದ ಲೇಖನವೊಂದರಲ್ಲಿ ಹುಡುಗರು ತೂರಾಡುವುದು, ಎಚ್ಚರ ತಪ್ಪಿ ಬೀಳುವುದು ಎಲ್ಲ ಬಂದಿದೆ. 2025ರ ಸೆಪ್ಟೆಂಬರ್ 1ರಿಂದ ಅದರೊಳಗಿನ ಎಟೊಮಿಡೇಟ್ ಎಂಬ ಅರಿವಳಿಕೆ ಔಷಧ ಅಲ್ಲಿ ಮಾದಕ ವಸ್ತುಗಳ ಪಟ್ಟಿಗೆ ಸೇರಿದ್ದೂ ಇದೆ. ಅದು ಹಾರ್ಮೋನುಗಳಿಗೆ ಮಾಡುವ ಹಾನಿಯ ಬಗ್ಗೆ ಮಾತ್ರ ಒಂದು ಸಾಲೂ ಇಲ್ಲ.

ನಾನು ಅರಿವಳಿಕೆ ವೈದ್ಯೆ. ಹೃದಯ ದುರ್ಬಲವಾಗಿರುವವರಿಗೆ ಬಿಪಿ ಹೆಚ್ಚು ಇಳಿಯದಿರಲೆಂದು ಆಪರೇಷನ್ ಥಿಯೇಟರಿನಲ್ಲಿ ಇದನ್ನೇ ಕೊಡುತ್ತೇವೆ, ಅದೂ ಒಂದೇ ಸಲ. ಮೂತ್ರಪಿಂಡದ ನೆತ್ತಿಯ ಮೇಲಿರುವ ಅಡ್ರಿನಲ್ ಗ್ರಂಥಿಗೆ ಕಾಯಿಲೆ, ಪೆಟ್ಟುಗಳ ಹೊತ್ತಿನಲ್ಲಿ ದೇಹವನ್ನು ಕಾಯುವ ಕಾರ್ಟಿಸಾಲ್ ಹಾರ್ಮೋನು ತಯಾರಿಸಲು ಬೇಕಾದ ಕಿಣ್ವವನ್ನು ಈ ಔಷಧ ಕಟ್ಟಿಹಾಕುತ್ತದೆ. ಒಂದು ಡೋಸಿಗೇ ಹಲವು ಗಂಟೆ! ಐಸಿಯುನಲ್ಲಿ ಇದನ್ನು ಸತತವಾಗಿ ಹರಿಸಿದ ಗಾಯಾಳುಗಳಲ್ಲಿ ಸಾವು ಹೆಚ್ಚಿದ್ದನ್ನು 1983ರಲ್ಲಿ ಗ್ಲಾಸ್ಗೋ ವೈದ್ಯರು ವರದಿ ಮಾಡಿದ ಮೇಲೆ ಆ ಪದ್ಧತಿಯನ್ನೇ ಕೈಬಿಡಲಾಯಿತು.

ಅಂಥದ್ದನ್ನು ದಿನಾ ಸೇದಿದರೆ? ಕಾರ್ಟಿಸಾಲ್ ಸಾಲದೆಂದು ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಅಡ್ರಿನಲ್ ಮೇಲೆ ಚಾಟಿ ಬೀಸುತ್ತಲೇ ಇರುತ್ತದೆ. ಮುಂದೆ ಸಾಗಲಾರದ ಅರೆಬೆಂದ ಸ್ಟೆರಾಯ್ಡುಗಳು ಅಡ್ಡದಾರಿ ಹಿಡಿಯುತ್ತವೆ. ಬಿಪಿ ಏರುತ್ತದೆ, ಪೊಟ್ಯಾಸಿಯಂ ಕುಸಿದು ಕೈಕಾಲು ಸೋಲುತ್ತವೆ. ಗಂಡು ಹಾರ್ಮೋನು ಹೆಚ್ಚಿ ಹೆಣ್ಣುಮಕ್ಕಳಿಗೆ ಮುಟ್ಟು ತಪ್ಪಬಹುದು, ಮುಖದಲ್ಲಿ ಕೂದಲು ಬರಬಹುದು. ಇದನ್ನು ಪಿಸಿಓಡಿ (ಅಂಡಾಶಯದ ಹಾರ್ಮೋನು ತೊಂದರೆ) ಎಂದುಕೊಳ್ಳುವುದು ಎಷ್ಟು ಸುಲಭ ನೋಡಿ. "ವೇಪ್ ಏನಾದ್ರೂ ಸೇದ್ತೀಯೇನಮ್ಮ?" ಎಂದು ಬೈಯದೆ ಕೇಳುವವರು ಬೇಕು.

ಜ್ವರ, ಅಪಘಾತ, ಆಪರೇಷನ್ ಎಂದು ಆಸ್ಪತ್ರೆಗೆ ಬಂದಾಗಲಂತೂ ದಯವಿಟ್ಟು ವೇಪ್ ಸೇದುವುದನ್ನು ಮುಚ್ಚಿಡಬೇಡಿ. ಕಾರ್ಟಿಸಾಲ್ ಇಲ್ಲದ ದೇಹ ಅಂಥ ಹೊತ್ತಿನಲ್ಲಿ ದಿಢೀರನೆ ಕುಸಿಯುತ್ತದೆ. ಗೊತ್ತಿದ್ದರೆ ನಾವು ಹೈಡ್ರೊಕಾರ್ಟಿಸೋನ್ (ಕಾರ್ಟಿಸಾಲ್‌ನ ಔಷಧ ರೂಪ) ಕೊಟ್ಟು ಎತ್ತಿ ಹಿಡಿಯಬಲ್ಲೆವು.