ಒತ್ತಡ ಏನೂ ಇಲ್ಲ, ನಾಳೆ ಸಂಜೆಯೊಳಗೆ ಹೇಳಿ

ಅವಸರಪಡಿಸಿದರೆ ಮನುಷ್ಯನ ತಲೆ ಓಡುವುದಿಲ್ಲ. ಇದು ನಮ್ಮಜ್ಜಿಗೂ ಗೊತ್ತಿತ್ತು. ಇದನ್ನೇ ಪ್ರಯೋಗ ಮಾಡಿ, ಅಂಕಿಅಂಶ ಹಾಕಿ, ಪ್ರಬಂಧ ಬರೆದು ಸಾಬೀತು ಮಾಡಿದವರು ಅಮೆರಿಕದ ಸೈಕಾಲಜಿಸ್ಟುಗಳು. ಅದೇ ಜನ ಪ್ರತಿ ವರ್ಷ ಸಂಕ್ರಾಂತಿಯಿಂದ ಶಿವರಾತ್ರಿಯೊಳಗೆ ಪೋಸ್ಟ್‌ಡಾಕ್‌ಗೆ, ಅಂದರೆ ಪಿಎಚ್‌ಡಿ ಆದಮೇಲಿನ ತರಬೇತಿಗೆ, ತಮ್ಮ ಕೈಕೆಳಗೆ ಬರುವ ಹುಡುಗ ಹುಡುಗಿಯರಿಗೆ ಫೋನ್ ಮಾಡುತ್ತಾರೆ. "ಅಭಿನಂದನೆಗಳು, ಪೋಸ್ಟ್‌ಡಾಕ್ ನಿಮ್ಮದೇ. ಒತ್ತಡ ಏನೂ ಇಲ್ಲ, ನಾಳೆ ಸಂಜೆಯೊಳಗೆ ಹೇಳಿ" ಅನ್ನುತ್ತಾರೆ.

ಸ್ವಲ್ಪ ಹಿನ್ನೆಲೆ ಹೇಳಬೇಕು. ಅಲ್ಲಿ ಸೈಕಾಲಜಿಸ್ಟ್ ಆಗುವುದೆಂದರೆ ಐದಾರು ವರ್ಷ ಪಿಎಚ್‌ಡಿ, ಅದರ ಕೊನೆಗೆ ಒಂದು ಪೂರ್ತಿ ವರ್ಷ ಇಂಟರ್ನ್‌ಶಿಪ್, ಆಮೇಲೆ ಪೋಸ್ಟ್‌ಡಾಕ್. ಕ್ಯಾಲಿಫೋರ್ನಿಯಾದಲ್ಲಿ ಲೈಸೆನ್ಸ್ ಬೇಕಾದರೆ ಹಿರಿಯರ ಕಣ್ಗಾವಲಿನಲ್ಲಿ 3000 ಗಂಟೆ ದುಡಿದಿರಬೇಕು. ಅದರಲ್ಲಿ ಅರ್ಧ ಡಿಗ್ರಿ ಕೈಗೆ ಬಂದಮೇಲೆ. ಮಿದುಳಿನ ಪರೀಕ್ಷೆ ಮಾಡುವ ನ್ಯೂರೋಸೈಕಾಲಜಿ ಬೇಕೆಂದರೆ ಪೋಸ್ಟ್‌ಡಾಕ್ ಎರಡು ವರ್ಷ. 1997ರಲ್ಲಿ ಹ್ಯೂಸ್ಟನ್‌ನಲ್ಲಿ ಸೇರಿದ ಹಿರಿಯರು ಹಾಗಂತ ತೀರ್ಮಾನಿಸಿದರು. ಇಷ್ಟೆಲ್ಲ ಜಾಸ್ತಿಯಾಯಿತು, ಡಿಗ್ರಿಗೆ ಮೊದಲಿನ ಅನುಭವವೇ ಸಾಕು ಅಂತ ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್ 2006ರಲ್ಲೇ ಹೇಳಿತು. ಕೆಲವು ರಾಜ್ಯಗಳು ಕೇಳಿದವು, ಕೆಲವು ಕೇಳಿಸದ ಹಾಗೆ ಕೂತವು. ಮುಂದೆ ಯಾವ ರಾಜ್ಯದಲ್ಲಿ ಅನ್ನ ಹುಟ್ಟುತ್ತದೋ ಯಾರಿಗೆ ಗೊತ್ತು? ಹಾಗಾಗಿ ಹೆಚ್ಚಿನವರು ಪೋಸ್ಟ್‌ಡಾಕ್ ಮಾಡಿಯೇ ಮುಗಿಸುತ್ತಾರೆ.

ನಮ್ಮಕ್ಕನ ಮಗಳು ಈ ದಾರಿ ಹಿಡಿದವಳು. ಹಾಸನದ ಮದುವೆ ಮನೆಗಳಲ್ಲಿ ನಮ್ಮಕ್ಕನಿಗೆ ಬರುವ ಪ್ರಶ್ನೆ ಒಂದೇ: "ಡಾಕ್ಟ್ರಾದ್ಲು ಅಂದ್ರಲ್ಲ, ಮತ್ತೆ ಟ್ರೈನಿಂಗ್ ಅಂತೀರಲ್ರೀ?" ಅಕ್ಕ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುವುದರಲ್ಲಿ ಮಗ್ನಳಾಗುತ್ತಾಳೆ.

ಈಗ ಮಜಾ ನೋಡಿ. ಇಂಟರ್ನ್‌ಶಿಪ್ ಸೀಟು ಹಂಚಲು ಇದೇ ಸೈಕಾಲಜಿಸ್ಟುಗಳ ಹತ್ತಿರ ಒಳ್ಳೆಯ ವ್ಯವಸ್ಥೆ ಇದೆ. ನೀವು ಇಷ್ಟದ ಜಾಗಗಳ ಪಟ್ಟಿ ಕೊಡಿ, ಆಸ್ಪತ್ರೆಗಳು ಇಷ್ಟದ ಅಭ್ಯರ್ಥಿಗಳ ಪಟ್ಟಿ ಕೊಡಲಿ, ಉಳಿದದ್ದನ್ನು ಕಂಪ್ಯೂಟರ್ ನೋಡಿಕೊಳ್ಳುತ್ತದೆ. ಇದರ ಗಣಿತ 1962ರಲ್ಲಿ ಗೇಲ್ ಮತ್ತು ಶೇಪ್ಲಿ ಎಂಬ ಗಣಿತಜ್ಞರು ಬರೆದದ್ದು. ಅವರು ಲೆಕ್ಕ ಬಿಡಿಸಿದ್ದು ಕಾಲೇಜು ಸೀಟಿಗೂ ಗಂಡು ಹೆಣ್ಣಿನ ಮದುವೆಗೂ ಸೇರಿಸಿ. ಮುಂದೆ ಆಲ್ವಿನ್ ರಾತ್ ಎಂಬ ಅರ್ಥಶಾಸ್ತ್ರಜ್ಞರು ಅದನ್ನು ನಿಜವಾದ ಕೆಲಸದ ಸಂತೆಗಳಿಗೆ ಹೊಂದಿಸಿದರು. 2012ರಲ್ಲಿ ಶೇಪ್ಲಿಗೂ ರಾತ್‌ಗೂ ಅರ್ಥಶಾಸ್ತ್ರದ ನೊಬೆಲ್ ಬಂತು. ಸೈಕಾಲಜಿ ಇಂಟರ್ನ್‌ಶಿಪ್ 1999ರಿಂದ ಇದೇ ಪದ್ಧತಿಯಲ್ಲಿ ನಡೆಯುತ್ತಿದೆ. ಫೆಬ್ರವರಿಯ ಒಂದು ಶುಕ್ರವಾರ ಇಮೇಲ್ ಬರುತ್ತದೆ. ಅತ್ತರೂ ಅಷ್ಟೇ, ನಕ್ಕರೂ ಅಷ್ಟೇ, ಮುಗಿಯಿತು. ಯಾರೂ ಯಾರಿಂದಲೂ ಮೊದಲೇ ಫೋನಿನಲ್ಲಿ ಮಾತು ತೆಗೆದುಕೊಳ್ಳುವ ಹಾಗಿಲ್ಲ.

ಅದಕ್ಕೂ ಮೊದಲು ಏನಿತ್ತು? ಫೋನೇ ಇತ್ತು. ಫೆಬ್ರವರಿಯ ಎರಡನೇ ಸೋಮವಾರ ದೇಶದುದ್ದಕ್ಕೂ ಒಂದೇ ಹೊತ್ತಿಗೆ ಫೋನುಗಳು ಬಡಿದುಕೊಳ್ಳುತ್ತಿದ್ದವು. ಮೊಬೈಲ್ ಇಲ್ಲದ ಕಾಲ, ಬಚ್ಚಲಿಗೆ ಹೋಗುವುದಕ್ಕೂ ಧೈರ್ಯ ಬೇಕಿತ್ತು. ರಾತ್ ಮತ್ತು ಶಾವೊಲಿನ್ ಶಿಂಗ್ ಈ ಸಂತೆಯನ್ನೇ ಅಧ್ಯಯನ ಮಾಡಿ 1997ರಲ್ಲಿ ಪ್ರಬಂಧ ಪ್ರಕಟಿಸಿದರು. ಹೊತ್ತು ಕಡಿಮೆ, ಆದ್ದರಿಂದ ಆಸ್ಪತ್ರೆಯವರಿಗೆ ಬೇಕಾಗುವುದು ಫೋನ್ ಮಾಡಿದ ಕೂಡಲೇ ಹ್ಞೂಂ ಅನ್ನುವ ಅಭ್ಯರ್ಥಿ. ಹಾಗಾಗಿ ದಿನ ಬರುವುದಕ್ಕೆ ಮೊದಲೇ ಒಳಗೊಳಗೇ ಮಾತು ತೆಗೆದುಕೊಳ್ಳುವ ವ್ಯಾಪಾರ. ಎಲ್ಲರೂ ನಾಚಿದರು. ಎರಡು ವರ್ಷದಲ್ಲಿ ಕಂಪ್ಯೂಟರ್ ಬಂತು.

ಬಂದದ್ದು ಇಂಟರ್ನ್‌ಶಿಪ್ಪಿಗೆ ಮಾತ್ರ. ಅದಾದ ಮರುವರ್ಷ ಸಿಗುವ ಪೋಸ್ಟ್‌ಡಾಕ್‌ಗೆ ಬಹುಪಾಲು ಫೋನೇ ಗತಿ. ನ್ಯೂರೋಸೈಕಾಲಜಿಯ ಒಂದು ಗುಂಪು ಮಾತ್ರ ಕಂಪ್ಯೂಟರನ್ನು ನಂಬಿದೆ, ಅಲ್ಲೂ ಕೆಲವರು ಒಳಗೆ, ಕೆಲವರು ಹೊರಗೆ. ಉಳಿದವರ ನೆಪಗಳು ಬೇಕಾದಷ್ಟಿವೆ. ನಮ್ಮದು ಒಂದೇ ಸೀಟು, ನಮ್ಮ ದುಡ್ಡು ಯಾವಾಗ ಬರುತ್ತದೋ ಗೊತ್ತಿಲ್ಲ, ನಮ್ಮದು ಜುಲೈಗೆ ಶುರು, ಪಕ್ಕದವರದು ಸೆಪ್ಟೆಂಬರಿಗೆ. ಎಲ್ಲವೂ ನಿಜ. ಪಕ್ಕದ ಕೋಣೆಯಲ್ಲಿ ಅದೇ ಇಲಾಖೆಯವರು ಅದೇ ತಿಂಗಳು ಇಂಟರ್ನ್‌ಗಳನ್ನು ನೊಬೆಲ್ ಬಂದ ಗಣಿತದಿಂದ ಆರಿಸುತ್ತಾರೆ ಅನ್ನುವುದೂ ನಿಜ.

ಹಾಗಂತ ನಿಯಮವೇ ಇಲ್ಲ ಅನ್ನಬೇಡಿ. ಎಪಿಪಿಐಸಿ ಅಂತ ಈ ತರಬೇತಿ ಕೇಂದ್ರಗಳದ್ದೇ ಸಂಘ ಇದೆ. ಅವರು ಮೊದಲು ಎಲ್ಲರೂ ಒಂದೇ ದಿನ ಆಫರ್ ಹೇಳಿ ಅಂದರು. ಯಾರು ಕಾಯುತ್ತಾರೆ? ಮುಂಚೆಯೇ ಆಫರ್ ಬಂದರೆ, ನಿಮಗೆ ಹೆಚ್ಚು ಇಷ್ಟವಾದ ಜಾಗಕ್ಕೆ ತಿಳಿಸಿ, ಅವರೂ ಎದುರು ಆಫರ್ ಕೊಡಬಹುದು ಅಂದರು. ಅಂದರೆ ಪ್ರೀತಿಯನ್ನು ಹರಾಜಿಗಿಟ್ಟ ಹಾಗಾಯಿತು. ಈಗ 'ಕಾಮನ್ ಹೋಲ್ಡ್ ಡೇಟ್' ಬಂದಿದೆ. ಫೆಬ್ರವರಿಯ ಕೊನೆಯ ಸೋಮವಾರ, ಅಮೆರಿಕದ ಪೂರ್ವದ ಗಡಿಯಾರದಲ್ಲಿ ಬೆಳಗ್ಗೆ 10 ಗಂಟೆ. ಅದಕ್ಕೆ ಮೊದಲು ಬಂದ ಆಫರನ್ನು ಒಪ್ಪಬಹುದು, ಬೇಡ ಅನ್ನಬಹುದು, ಅಥವಾ ಆ ಹೊತ್ತಿನವರೆಗೆ ಕೈಯಲ್ಲಿ ಹಿಡಿದುಕೊಂಡು ಕೂರಬಹುದು. ಹವಾಯಿಯವರಿಗೆ ಅದು ನಸುಕಿನ ಐದು ಗಂಟೆ. ಹಾಸನದಲ್ಲಿ ರಾತ್ರಿ ಎಂಟೂವರೆ. ನಮ್ಮಕ್ಕ ಅವತ್ತು ಸೀರಿಯಲ್ ಮ್ಯೂಟ್ ಮಾಡಿ ಕೂತಿದ್ದಳು.

ಕನ್ನಡದವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ನಮ್ಮ ಸಿಇಟಿ ಸೀಟು ಹಂಚಿಕೆಯ ಚಾಯ್ಸ್ 2 ಇದೆಯಲ್ವಾ, ಅದೇ ಇದು. ಸಿಕ್ಕಿದ್ದು ಇರಲಿ, ಇನ್ನೂ ಒಳ್ಳೆಯದು ಬಂದರೆ ನೋಡೋಣ. ಸೈಬರ್ ಸೆಂಟರಿನಲ್ಲಿ ಮಗ ಮೌಸ್ ಹಿಡಿದಿರುತ್ತಾನೆ, ಹಿಂದೆ ಅಪ್ಪ ನಿಂತು "ಎರಡು ಒತ್ತೋ, ಎರಡು" ಅನ್ನುತ್ತಿರುತ್ತಾನೆ. ಒತ್ತಿದರೆ ಆಯಿತು. ಚಾಯ್ಸ್ 2 ಒತ್ತಿದ್ದಕ್ಕೆ ಮಲ್ಲೇಶ್ವರದ ಕೆಇಎ ಕಚೇರಿ ಯಾವತ್ತಾದರೂ ಮುನಿಸಿಕೊಂಡಿದ್ದು ಕೇಳಿದ್ದೀರಾ? "ಓಹ್, ನಾವು ನಿಮ್ಮ ಮೊದಲ ಆಯ್ಕೆ ಅಂದುಕೊಂಡಿದ್ದೆವು" ಅಂತ ಸರ್ವರ್ ನಿಟ್ಟುಸಿರು ಬಿಟ್ಟಿದೆಯಾ? ಬೇರೆ ಕಾರಣಕ್ಕೆ ಮಲಗಿರಬಹುದು, ಬೇಜಾರಾಗಿ ಮಲಗಿಲ್ಲ.

ಅಲ್ಲಿ ಹೋಲ್ಡ್ ಅನ್ನುವುದನ್ನು ಮನುಷ್ಯನ ಕಿವಿಗೆ ಹೇಳಬೇಕು. ಅದೂ ಮುಂದಿನ ವರ್ಷ ನಿಮ್ಮ ರಜೆ ಚೀಟಿಗೆ ಸಹಿ ಹಾಕುವ ಮನುಷ್ಯನಿಗೆ. ನಮ್ಮ ಹುಡುಗಿ ಹೇಳಿದಳು. "ಖಂಡಿತ, ಅದು ನಿಮ್ಮ ಹಕ್ಕು" ಅಂದರು ಟ್ರೈನಿಂಗ್ ಡೈರೆಕ್ಟರ್. ಆಮೇಲೆ ಸುಮ್ಮನಾದರು. ಆ ಕಡೆ ಪೆನ್ನಿನಿಂದ ಮೇಜು ಕುಟ್ಟುವ ಸದ್ದು. ಕ್ಲೈಂಟ್ ತಾನಾಗಿಯೇ ಬಾಯಿ ಬಿಡಲಿ ಅಂತ ಥೆರಪಿಸ್ಟುಗಳು ಬೇಕಂತಲೇ ಸುಮ್ಮನಿರುತ್ತಾರೆ, ಅದನ್ನು ಪಾಠದಲ್ಲೇ ಕಲಿಸುತ್ತಾರೆ. ನಮ್ಮ ಹುಡುಗಿಯೂ ಅದೇ ಪಾಠ ಕಲಿತವಳು, ಅವಳೂ ಸುಮ್ಮನಾದಳು. ಕೊನೆಗೆ ಅವರೇ ಸೋತು, "ನಮ್ಮ ಪಟ್ಟಿಯಲ್ಲಿ ಇನ್ನೂ ತುಂಬಾ ಒಳ್ಳೆಯವರಿದ್ದಾರೆ, ಅದು ನಿಮಗೆ ಗೊತ್ತಿರಲಿ ಅಂತ ಹೇಳಿದೆ ಅಷ್ಟೇ. ಒತ್ತಡ ಹಾಕುತ್ತಿಲ್ಲ" ಅಂದರು.

ಹೋಲ್ಡ್ ನಿಯಮಕ್ಕೆ ಒಪ್ಪಿದ ಕೇಂದ್ರದಲ್ಲೇ ಈ ಕಥೆ. ಒಪ್ಪದಿದ್ದರೂ ನಡೆಯುತ್ತದೆ, ಏಕೆಂದರೆ ನಿಯಮ ಐಚ್ಛಿಕ. ನಮ್ಮೂರ ಹೆಲ್ಮೆಟ್ ನಿಯಮ ಕಾಗದದ ಮೇಲಾದರೂ ಕಡ್ಡಾಯ.

ಸಂದರ್ಶನದ ಕಡೆ ಬರೋಣ. ಇಂಟರ್ನ್‌ಶಿಪ್ ಶುರುವಾಗುವುದು ಜುಲೈಯಿಂದ ಸೆಪ್ಟೆಂಬರ್ ನಡುವೆ. ಪೋಸ್ಟ್‌ಡಾಕ್ ಅರ್ಜಿಗಳ ಗಡುವು ಹೆಚ್ಚಾಗಿ ಡಿಸೆಂಬರ್, ಜನವರಿ. ಆಸ್ಪತ್ರೆಯ ಪಾರ್ಕಿಂಗ್ ಎಲ್ಲಿ ಅಂತ ಗೊತ್ತಾಗುವಷ್ಟರಲ್ಲಿ ಮುಂದಿನ ಊರಿಗೆ ಅರ್ಜಿ. ಶಿಫಾರಸು ಪತ್ರ ಬರೆಯುವ ಮೇಲಧಿಕಾರಿಗೆ ನಿಮ್ಮ ಹೆಸರಿನ ಉಚ್ಚಾರವೇ ಇನ್ನೂ ಕುದುರಿರುವುದಿಲ್ಲ, ಆದರೂ "ನಾನು ಕಂಡ ಅತ್ಯುತ್ತಮ ತರಬೇತಿ ವಿದ್ಯಾರ್ಥಿಗಳಲ್ಲಿ ಒಬ್ಬರು" ಅಂತ ಬರೆದಿರುತ್ತಾರೆ. ಕೋವಿಡ್ ನಂತರ ಸಂದರ್ಶನ ಬಹುಪಾಲು ಜೂಮ್‌ನಲ್ಲಿ. ಎರಡು ರೋಗಿಗಳ ನಡುವೆ ಐವತ್ತು ನಿಮಿಷ ಬಿಡುವು, ಕಾರಿನೊಳಗೆ ಲ್ಯಾಪ್‌ಟಾಪ್, ಮೇಲೆ ಕೋಟು, ಕೆಳಗೆ ಹಿಮದ ಬೂಟು.

ಪ್ರಶ್ನೆಗಳು ಗೊತ್ತಿದ್ದದ್ದೇ. ಮೇಲಿನವರ ಜೊತೆ ಭಿನ್ನಾಭಿಪ್ರಾಯ ಬಂದ ಪ್ರಸಂಗ ಹೇಳಿ. ನಿಮ್ಮ ದೌರ್ಬಲ್ಯ ಹೇಳಿ. ಇವುಗಳನ್ನು ಹೇಗೋ ದಾಟಬಹುದು. ವಾರದ ನಾಲ್ಕನೇ ಸಂದರ್ಶನದಲ್ಲಿ, ರಾತ್ರಿ ಎರಡಕ್ಕೆ ಮಲಗಿ ಎದ್ದವಳಿಗೆ ಒಬ್ಬರು ತಲೆ ವಾಲಿಸಿ, ಮೆತ್ತಗಿನ ದನಿಯಲ್ಲಿ ಕೇಳಿದರು: "ನಿಮ್ಮ ಸೆಲ್ಫ್‌ಕೇರ್ ಹೇಗೆ ನಡೆದಿದೆ?" ಯೋಗ ಅಂದಳು. ಪರದೆಯ ಮೇಲಿದ್ದ ನಾಲ್ಕೂ ತಲೆಗಳು ಒಟ್ಟಿಗೆ ಅಲ್ಲಾಡಿದವು. ಅವಳು ಕೊನೆಯ ಸಲ ಸೂರ್ಯನಮಸ್ಕಾರ ಮಾಡಿದ್ದು ಹೈಸ್ಕೂಲಿನಲ್ಲಿ, ಪಿಟಿ ಮೇಷ್ಟ್ರ ಹೆದರಿಕೆಗೆ.

ಇದೆಲ್ಲ ಮುಗಿದ ಮೇಲೆ ಅಸಲಿ ವಿಷಯ. "ಸುಮ್ನೆ ಕುತೂಹಲಕ್ಕೆ ಕೇಳ್ತೀನಿ, ಬೇರೆ ಎಲ್ಲೆಲ್ಲಿ ಹಾಕಿದ್ದೀರಿ?" "ಒಂದು ವೇಳೆ, ಒಂದು ವೇಳೆ ಅಷ್ಟೇ, ನಾವು ಆಫರ್ ಕೊಟ್ಟರೆ?" ಈ 'ಒಂದು ವೇಳೆ'ಗೆ ಉತ್ತರ ಕೊಡುವುದೇ ಒಂದು ಕಲೆ. ನಿಮ್ಮದೇ ಮೊದಲು ಅಂದರೆ ಮಾತು ಕೊಟ್ಟ ಹಾಗೆ. ಗೊತ್ತಿಲ್ಲ ಅಂದರೆ ಪಟ್ಟಿಯಲ್ಲಿ ಕೆಳಗಿಳಿದ ಹಾಗೆ. ಆದ್ದರಿಂದ ಎಲ್ಲರೂ ಎಲ್ಲರಿಗೂ "ನಿಮ್ಮ ಕೇಂದ್ರದ ಬಗ್ಗೆ ನನಗೆ ಬಹಳ ಬಹಳ ಆಸಕ್ತಿ ಇದೆ" ಅನ್ನುತ್ತಾರೆ. ಒಂದೇ ವಾಕ್ಯ, ಹೆಸರು ಬದಲಾಯಿಸಿ, ಧನ್ಯವಾದದ ಇಮೇಲಿನಲ್ಲೂ ಹೋಗುತ್ತದೆ. ಹೆಸರು ಬದಲಾಯಿಸಲು ಮರೆತವರೂ ಇರಬೇಕು, ಪಾಪ.

ಕೇಂದ್ರದವರ ಕಷ್ಟವನ್ನೂ ಹೇಳಿಬಿಡುತ್ತೇನೆ. ಒಂದು ಸೀಟು ಇಟ್ಟುಕೊಂಡವರು ಮೊದಲನೆಯವಳಿಗಾಗಿ ಕಾದರೆ ಎರಡನೆಯವನು, ಮೂರನೆಯವಳು ಬೇರೆ ಕಡೆ ಹ್ಞೂಂ ಅಂದುಬಿಡುತ್ತಾರೆ. ಹಾಗಾಗಿ ಒಬ್ಬರು ಒಂದು ವಾರ ಮೊದಲು ಫೋನ್ ಎತ್ತುತ್ತಾರೆ. ಅವರನ್ನು ನೋಡಿ ಇನ್ನೊಬ್ಬರು ಎರಡು ವಾರ ಮೊದಲು. ಎಲ್ಲರೂ ಬುದ್ಧಿವಂತರೇ. ಗುಂಪಿನ ವರ್ತನೆ ಹೇಗಿರುತ್ತದೆ ಅಂತ ಕೇಳಿದರೆ ಬೋರ್ಡಿನ ಮೇಲೆ ಬಾಣದ ಗುರುತು ಹಾಕಿ ವಿವರಿಸುತ್ತಾರೆ.

ವೀಸಾದವರ ಪಾಡು ಇನ್ನೂ ಒಂದು ಕೈ ಮೇಲು. ದೇಶದಲ್ಲಿ ಅತಿ ಹೆಚ್ಚು ಸೈಕಾಲಜಿಸ್ಟುಗಳಿಗೆ ತರಬೇತಿ ಕೊಡುವುದು ಮಾಜಿ ಸೈನಿಕರ ಇಲಾಖೆ, ಅಂದರೆ ವಿಎ. ಅಲ್ಲಿ ಅಮೆರಿಕದ ಪೌರತ್ವ ಬೇಕು. ಆ ಬಾಗಿಲು ಮುಚ್ಚಿತು. ಉಳಿದ ಕಡೆ ಓದು ಮುಗಿಸಿದವರಿಗೆ ಸಿಗುವ ಓಪಿಟಿ ಕೆಲಸದ ಪರವಾನಗಿ 12 ತಿಂಗಳು. ಕ್ಲಿನಿಕಲ್ ಸೈಕಾಲಜಿ ಸ್ಟೆಮ್ ಪಟ್ಟಿಯಲ್ಲಿ, ಅಂದರೆ ವಿಜ್ಞಾನ, ತಂತ್ರಜ್ಞಾನ, ಗಣಿತದ ವಿಷಯಗಳ ಪಟ್ಟಿಯಲ್ಲಿ, ಇಲ್ಲ, ಹಾಗಾಗಿ ಸಾಫ್ಟ್‌ವೇರಿನವರಿಗೆ ಸಿಗುವ ಎರಡು ವರ್ಷದ ವಿಸ್ತರಣೆ ಇಲ್ಲ. ಎರಡು ವರ್ಷದ ಪೋಸ್ಟ್‌ಡಾಕ್ ಸಿಕ್ಕರೆ ಎರಡನೇ ವರ್ಷ ಏನು ಮಾಡುವುದು? ಸಂದರ್ಶನದಲ್ಲಿ ಕೇಳಿದರೆ ಇವಳದು ತಲೆನೋವು ಅಂದುಕೊಳ್ಳುತ್ತಾರೆ. ಆಫರ್ ಬಂದಮೇಲೆ ಕೇಳಿದರೆ, "ಎಚ್‌ಆರ್‌ಗೆ ಬರೆಯಿರಿ" ಅನ್ನುತ್ತಾರೆ. ಬರೆದಳು. ನಿಮ್ಮ ಪತ್ರ ತಲುಪಿದೆ, ಐದು ಕೆಲಸದ ದಿನಗಳಲ್ಲಿ ಉತ್ತರಿಸುತ್ತೇವೆ ಅಂತ ಯಂತ್ರದ ಉತ್ತರ ಬಂತು. ಇವಳಿಗಿದ್ದ ಗಡುವು ಇಪ್ಪತ್ತನಾಲ್ಕು ಗಂಟೆ.

ಸಂಬಳದ ಮಾತು ಬೇಗ ಮುಗಿಸುತ್ತೇನೆ. ಸರ್ಕಾರಿ ಸಂಶೋಧನಾ ಸಂಸ್ಥೆ ಎನ್‌ಐಎಚ್ ಮೊದಲ ವರ್ಷದ ಪೋಸ್ಟ್‌ಡಾಕ್‌ಗಳಿಗೆ 2024ರಲ್ಲಿ ನಿಗದಿ ಮಾಡಿದ್ದು ವರ್ಷಕ್ಕೆ 61,008 ಡಾಲರ್. ಎಲ್ಲರೂ ಅಷ್ಟು ಕೊಡಬೇಕೆಂದೇನೂ ಇಲ್ಲ. ಊರಿನವರು ಅದನ್ನು ರೂಪಾಯಿಗೆ ಗುಣಿಸಿ ಹುಬ್ಬೇರಿಸುತ್ತಾರೆ. ಬಾಡಿಗೆಯನ್ನು ಯಾರೂ ಗುಣಿಸುವುದಿಲ್ಲ.

ಕೊನೆಗೆ ಬಹಳಷ್ಟು ಜನ ಹೋಲ್ಡ್ ಗೀಲ್ಡ್ ಅನ್ನದೆ ಮೊದಲು ಬಂದದ್ದಕ್ಕೆ ಹ್ಞೂಂ ಅಂದುಬಿಡುತ್ತಾರೆ. ಆಮೇಲೆ ಕೇಳಿ ನೋಡಿ, "ನನಗೆ ಮೊದಲಿಂದಲೂ ಅದೇ ಬೇಕಿತ್ತು" ಅನ್ನುತ್ತಾರೆ. ಸುಳ್ಳಲ್ಲ ಅದು. 1956ರಲ್ಲಿ ಜ್ಯಾಕ್ ಬ್ರೆಮ್ ಎಂಬ ಸೈಕಾಲಜಿಸ್ಟ್ ಕೆಲವು ಹೆಂಗಸರಿಗೆ ಮನೆಬಳಕೆಯ ವಸ್ತುಗಳನ್ನು ತೋರಿಸಿ ಅಂಕ ಕೊಡಿಸಿದರು. ಆಮೇಲೆ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ ಅಂದರು. ಆರಿಸಿಕೊಂಡ ಮೇಲೆ ಮತ್ತೆ ಅಂಕ ಕೇಳಿದರೆ, ಕೈಗೆ ಬಂದದ್ದರ ಅಂಕ ಏರಿತ್ತು, ಬಿಟ್ಟದ್ದರದ್ದು ಇಳಿದಿತ್ತು. ಈ ಪ್ರಯೋಗ ಗೊತ್ತಿಲ್ಲದ ಟ್ರೈನಿಂಗ್ ಡೈರೆಕ್ಟರ್ ಇಡೀ ಅಮೆರಿಕದಲ್ಲಿ ಇರಲಿಕ್ಕಿಲ್ಲ. "ನಮಗೆ ಬಂದವರೆಲ್ಲ ನಮ್ಮನ್ನೇ ಮೊದಲ ಆಯ್ಕೆ ಅನ್ನುತ್ತಾರೆ" ಅಂತ ಅವರು ಹೆಮ್ಮೆಯಿಂದ ಹೇಳಿಕೊಳ್ಳುವಾಗ ಯಾಕೋ ಅದು ನೆನಪಾಗುವುದಿಲ್ಲ.

ನಮ್ಮ ಹುಡುಗಿ ಆ ಸೋಮವಾರ ಹತ್ತು ಗಂಟೆಗೆ ರೋಗಿಯ ಎದುರು ಕೂತಿದ್ದಳು. ಫೋನ್ ಡ್ರಾಯರಿನಲ್ಲಿ ಗುಂಯ್‌ಗುಡುತ್ತಿತ್ತು. ಆ ಮನುಷ್ಯನಿಗೆ ಹೆಂಡತಿ ಮನೆ ಮಾರುವ ವಿಷಯದಲ್ಲಿ ಅವಸರ ಮಾಡುತ್ತಿದ್ದಳಂತೆ. "ನೀವು ಸಮಯ ತೆಗೆದುಕೊಳ್ಳಬಹುದು, ಅದು ನಿಮ್ಮ ಹಕ್ಕು" ಅಂತ ಇವಳು ಹೇಳಿದಳು. ಹತ್ತು ಐವತ್ತಕ್ಕೆ ಹೊರಗೆ ಬಂದು ಹ್ಞೂಂ ಅಂದಳು. ಹಿಡಿದಿಟ್ಟಿದ್ದು ಕೈತಪ್ಪಿತ್ತು, ಸಿಕ್ಕಿದ್ದು ಬೇರೆ ಕಡೆ, ಮೂರು ರಾಜ್ಯ ಆಚೆ. "ಮಾಮ, ನಂಗೆ ಮೊದಲಿಂದಲೂ ಅದೇ ಇಷ್ಟ ಇತ್ತು" ಅಂದಳು ಸಂಜೆ.

ಈಗ ಲೈಸೆನ್ಸ್ ಪರೀಕ್ಷೆಗೆ ಓದುತ್ತಿದ್ದಾಳೆ. ಇಪಿಪಿಪಿ ಅಂತ, ನಾಲ್ಕೂಕಾಲು ಗಂಟೆ, 225 ಪ್ರಶ್ನೆ. ಅದರಲ್ಲಿ 50 ಪ್ರಶ್ನೆಗಳಿಗೆ ಅಂಕವೇ ಇಲ್ಲ. ಯಾವ 50 ಅಂತ ಹೇಳುವುದಿಲ್ಲ. "ಪರವಾಗಿಲ್ಲ ಮಾಮ, ಎಷ್ಟು ಅಂತಾದ್ರೂ ಹೇಳಿದಾರಲ್ಲ" ಅಂದಳು.