ಬ್ರಷ್ಷಿನ ಅಕ್ಷರ ಬೇಕೆಂದರೆ ಬೋರ್ಡ್ ಬರೆಯುವವರನ್ನೇ ಕರೆಯಿರಿ

ನನ್ನ ತಮ್ಮ ಮೈಸೂರಿನ ಸರಸ್ವತಿಪುರಂನಲ್ಲಿ ಸಾವಯವ ದಿನಸಿ ಅಂಗಡಿ ಇಡುತ್ತಿದ್ದಾನೆ. ಗಾಣದ ಎಣ್ಣೆ, ರಾಜಮುಡಿ ಅಕ್ಕಿ, ಜೋನಿ ಬೆಲ್ಲ, ನವಣೆ, ಸಾಮೆ, ಕೊರಲೆ. ಒಳ್ಳೆಯ ಮಾಲು ಕೊಡುವ ರೈತರನ್ನು ಹುಡುಕಿಕೊಂಡು ಎರಡು ವರ್ಷ ಊರೂರು ಅಲೆದವನು ಲೋಗೊ ಮಾತ್ರ ಎರಡೇ ದಿನದಲ್ಲಿ ಮುಗಿಸಲು ಹೊರಟಿದ್ದ. ಡಿಸೈನರ್ ಮಾಡಿಕೊಟ್ಟದ್ದನ್ನು ವಾಟ್ಸಾಪಿನಲ್ಲಿ ಹಾಕಿ, "ಅಕ್ಕ, ಕೈಯಲ್ಲೇ ಬರೆದ ಹಾಗಿದೆ ಅಲ್ವಾ?" ಅಂತ ಕೇಳಿದ.

ಹಸಿರು ಬಣ್ಣ, ಮೇಲೊಂದು ಎಲೆ, ಬ್ರಷ್ಷಿನಲ್ಲಿ ಎಳೆದಂತೆ ಕಾಣುವ ದೊಡ್ಡ ಇಂಗ್ಲಿಷ್ ಅಕ್ಷರ. ಅದರ ಕಾಲಬಳಿ ಸಣ್ಣದಾಗಿ, ಕಂಪ್ಯೂಟರಿನ ಮಾಮೂಲಿ ತುಂಗಾ ಫಾಂಟಿನಲ್ಲಿ ಕನ್ನಡ. ರಾಜ್ಯದ ಕನ್ನಡ ಭಾಷಾ ಕಾಯ್ದೆಗೆ 2024ರಲ್ಲಿ ತಿದ್ದುಪಡಿಯಾದ ಮೇಲೆ ಬೋರ್ಡಿನಲ್ಲಿ ಶೇ. 60ರಷ್ಟು ಕನ್ನಡ ಇರಲೇಬೇಕು, ಅದೂ ಮೇಲ್ಭಾಗದಲ್ಲಿ. ಕಾನೂನಿನ ಮಾತು ಒತ್ತಟ್ಟಿಗಿರಲಿ, ಕೊರಲೆ, ಸಾಮೆ ಎಂಬ ಹೆಸರುಗಳನ್ನು ಮಾರುವ ಅಂಗಡಿ ತನ್ನ ಹೆಸರನ್ನು ಮೊದಲು ಕನ್ನಡದಲ್ಲಿ ಬರೆಸಿಕೊಳ್ಳಬೇಕು ಎಂದೆ. ಅವನು ಒಪ್ಪಿದ.

ಎರಡನೇ ಸಲ ಕನ್ನಡಕ್ಕೂ ಬ್ರಷ್ ನಮೂನೆಯ ಫಾಂಟ್ ಬಂತು. ದೂರದಿಂದ ಚೆನ್ನಾಗಿಯೇ ಇತ್ತು. ಹತ್ತಿರ ತಂದು ನೋಡಿದೆ. ಹೆಸರಿನ ಕೆಳಗೆ 'ದಿನಸಿ, ಧಾನ್ಯ' ಅಂತಿತ್ತು. ಎರಡೂ ಪದಗಳ 'ನ'ದಲ್ಲಿ ಬಣ್ಣ ಒಣಗಿದಂಥ ಗೀರು ಒಂದೇ ಜಾಗದಲ್ಲಿ, ಕೂದಲೆಳೆ ವ್ಯತ್ಯಾಸವಿಲ್ಲದೆ ಬಿದ್ದಿತ್ತು. ಯಾವ ಕೈಯೂ ಹಾಗೆ ಬರೆಯುವುದಿಲ್ಲ. ಅದಕ್ಕಿಂತ ದೊಡ್ಡ ತೊಂದರೆ ಕಾಲು ಕಿಲೋ ಪ್ಯಾಕೆಟ್ಟಿನ ಸ್ಟಿಕ್ಕರಿನಲ್ಲಿ ಕಂಡಿತು. ಅಷ್ಟು ಸಣ್ಣದಾದಾಗ 'ಧ'ದ ಕೆಳಗಿನ ಸೀಳು ಒರಟು ಅಂಚಿನಲ್ಲಿ ಮುಚ್ಚಿಹೋಗಿ 'ದಾನ್ಯ' ಆಗಿಬಿಟ್ಟಿತ್ತು. ಒತ್ತಕ್ಷರ, ಮಹಾಪ್ರಾಣ ಇರುವ ಲಿಪಿಗೆ ಒರಟುತನವನ್ನು ಎಲ್ಲಿ ಬೇಕಾದರೂ ಬಳಿಯಲಾಗದು.

ನನ್ನ ಅಭಿಪ್ರಾಯ ಇಷ್ಟೇ. ಕೈಬರಹದಂತೆ ಕಾಣುವ ಅಕ್ಷರವನ್ನು ನೋಡಿದ ಗಿರಾಕಿ, ಇದರ ಹಿಂದೆ ಒಬ್ಬರ ಕೈ ಇದೆ ಎಂದು ನಂಬುತ್ತಾನೆ. ಅದನ್ನು ನಂಬಿದವನು ಒಳಗಿನ ಬೆಲ್ಲವನ್ನೂ ನಂಬುತ್ತಾನೆ. ಆ ನಂಬಿಕೆಗೆ ನಿಜವಾದ ಒಂದು ಕೈ ಇರಲಿ. ಅಕ್ಷರ ಎಷ್ಟು ಚೆನ್ನಾಗಿದ್ದರೂ ಅದು ಪ್ರಮಾಣಪತ್ರವಲ್ಲ ಎಂಬುದೂ ನೆನಪಿರಲಿ. ಸಾವಯವ ಎಂದು ಪ್ಯಾಕೆಟ್ ಮೇಲೆ ಹೇಳುವುದಕ್ಕೆ ಆಹಾರ ಸುರಕ್ಷತಾ ಪ್ರಾಧಿಕಾರದ 2017ರ ನಿಯಮಗಳಿವೆ, 'ಜೈವಿಕ್ ಭಾರತ್' ಚಿಹ್ನೆಯಿದೆ.

ಕೊನೆಗೆ ಬೋರ್ಡ್ ಬರೆಯುವ ಹಿರಿಯರೊಬ್ಬರನ್ನು ಹುಡುಕಿದೆವು. ಫ್ಲೆಕ್ಸ್ ಬಂದ ಮೇಲೆ ಅವರಿಗೆ ಹೆಚ್ಚಾಗಿ ಸಿಗುತ್ತಿದ್ದದ್ದು ಲಾರಿ ನಂಬರ್, ಶಾಲೆ ಗೋಡೆ, ಅಷ್ಟೇ. ರಾಜ್ಯ ಸರ್ಕಾರ 2016ರಲ್ಲಿ ನಿಷೇಧಿಸಿದ ಪ್ಲಾಸ್ಟಿಕ್ ವಸ್ತುಗಳಲ್ಲಿ ಫ್ಲೆಕ್ಸ್ ಕೂಡ ಇದೆ. ಆದರೂ ಬಟ್ಟೆ ಚೀಲ ತನ್ನಿ ಎನ್ನುವ ಅಂಗಡಿಗಳ ನೆತ್ತಿಯ ಮೇಲೂ ಅದೇ ನೇತಾಡುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಅವರು ಸೀಮೆಸುಣ್ಣ ಬಳಿದ ದಾರವನ್ನು ಬಿಗಿಯಾಗಿ ಹಿಡಿಸಿ, ಮೀಟಿ, ತಗಡಿನ ಮೇಲೆ ಎರಡು ಗೆರೆ ಬೀಳಿಸಿದರು. ನಾನು ಬೋರ್ಡಿನ ನಟ್ಟನಡುವೆ ಬರೆಯಿರಿ ಎಂದೆ. "ಕೆಳಗೆ ಯ ಒತ್ತು ಬರುತ್ತೆ ಮೇಡಂ. ಇಂಗ್ಲಿಷಾದ್ರೆ ಮಧ್ಯಕ್ಕೇ ಬರೀಬಹುದು, ಕನ್ನಡ ಸ್ವಲ್ಪ ಮೇಲಕ್ಕೆ ಕೂತ್ಕೋಬೇಕು" ಅಂದರು. ಆಮೇಲೆ ಚಪ್ಪಟೆ ಬ್ರಷ್ಷನ್ನು ಎನಾಮೆಲ್‌ನಲ್ಲಿ ಅದ್ದಿ, ಮಣಿಕಟ್ಟಿಗೆ ಕೋಲೊಂದನ್ನು ಆಸರೆ ಕೊಟ್ಟು, ತಲೆಕಟ್ಟನ್ನು ಒಂದೇ ಎಳೆತಕ್ಕೆ ಎಳೆದರು. 'ನ್ಯ'ದ ಒತ್ತು ಕೆಳಗಿಳಿದು ಬಲಕ್ಕೆ ತಿರುಗಿ ಬಾಲದ ಹಾಗೆ ಮೇಲೆದ್ದಿತು. ಮೊದಲ 'ನ' ತುಸು ದುಂಡು, ಎರಡನೆಯದು ಒತ್ತಿಗೆ ಜಾಗ ಬಿಟ್ಟು ತುಸು ಬಿಗಿ. ಪಕ್ಕದಲ್ಲಿ ಏನಿದೆ ಎಂದು ಆ ಅಕ್ಷರಕ್ಕೆ ಗೊತ್ತಿತ್ತು.

ಅದೇ ಬರಹವನ್ನು ಬಿಳಿ ಹಾಳೆಯ ಮೇಲೆ ಕಪ್ಪು ಬಣ್ಣದಲ್ಲಿ ಇನ್ನೊಮ್ಮೆ ಬರೆಸಿ ಸ್ಕ್ಯಾನ್ ಮಾಡಿಸಿದೆವು. ಅದೇ ಡಿಸೈನರ್ ಅದನ್ನು ಎಷ್ಟು ಹಿಗ್ಗಿಸಿದರೂ ಅಂಚು ಒಡೆಯದ ವೆಕ್ಟರ್ ಚಿತ್ರ ಮಾಡಿ, ಸ್ಟಿಕ್ಕರಿಗಾಗಿ 'ಧ'ದ ಸೀಳನ್ನು ಅಗಲಿಸಿದ ಇನ್ನೊಂದು ಪ್ರತಿ ತೆಗೆದುಕೊಟ್ಟರು. ಬೋರ್ಡಿಗೆ ಒಂದು ದುಡ್ಡು, ಲೋಗೊ ಆಗಿ ಎಲ್ಲೆಡೆ ಬಳಸುವುದಕ್ಕೆ ಬೇರೆ ದುಡ್ಡು, ಎರಡನ್ನೂ ಬರೆದುಕೊಂಡೇ ಆ ಹಿರಿಯರಿಗೆ ಕೊಟ್ಟೆವು. ಇದನ್ನು ಯಾರೂ ತಪ್ಪಿಸಬಾರದು.

ಅಮೆರಿಕದ ಟ್ರೇಡರ್ ಜೋಸ್‌ನಂಥ ದೊಡ್ಡ ದಿನಸಿ ಸರಣಿಯೂ ತನ್ನ ಮಳಿಗೆಗಳ ಬೋರ್ಡುಗಳನ್ನು ಬರೆಯಲು ಕಲಾವಿದರನ್ನು ಕೆಲಸಕ್ಕೆ ಇಟ್ಟುಕೊಳ್ಳುತ್ತದೆ. ಫಾಂಟನ್ನೇ ಬಳಸಬೇಕಾಗಿ ಬಂದರೆ ಅದಕ್ಕೂ ನ್ಯಾಯವಾದ ದಾರಿಯಿದೆ. ದೆಹಲಿಯಲ್ಲಿ ಕಲಾವಿದ ಹನೀಫ್ ಕುರೇಶಿ ಬೀದಿ ಪೇಂಟರುಗಳ ಅಕ್ಷರಗಳನ್ನು ಫಾಂಟ್ ಮಾಡಿ, 'ಪೇಂಟರ್ ಕಫೀಲ್' ಎಂಬ ಹಾಗೆ ಬರೆದವರ ಹೆಸರನ್ನೇ ಅದಕ್ಕಿಟ್ಟರು. ಕನ್ನಡದ ಪೇಂಟರುಗಳ ಅಕ್ಷರಕ್ಕೂ ಇಂಥ ಕೆಲಸ ಆಗಬೇಕೆಂಬುದು ನನ್ನ ದೊಡ್ಡ ಆಸೆ.

ತಮ್ಮನ ಹಾಗೆ ಅಂಗಡಿ ಇಡುವ ಇನ್ನಿಬ್ಬರು ನನ್ನನ್ನು ಕೇಳಿದ್ದಾರೆ, ಒಬ್ಬರು ಹಾಸನದವರು, ಇನ್ನೊಬ್ಬರು ದಾವಣಗೆರೆಯವರು. ಆ ಕಡೆ ಈಗಲೂ ಬ್ರಷ್ ಹಿಡಿದು ಬೋರ್ಡ್ ಬರೆಯುವವರು ಯಾವ ಬೀದಿಯಲ್ಲಿ ಸಿಗುತ್ತಾರೆ ಎಂದು ಗೊತ್ತಿದ್ದರೆ ದಯವಿಟ್ಟು ತಿಳಿಸಿ.