ಗೂಬೆ ಕೂರಿಸುವ ಕಲೆ

ನಮ್ಮಲ್ಲಿ ಮನೆ ಮೇಲೆ ಗೂಬೆ ಕೂತರೆ ಅಪಶಕುನ. ಹಳೆಯ ಅಥೆನ್ಸಿನವರು ಅದನ್ನು ನಾಣ್ಯದ ಮೇಲೇ ಕೂರಿಸಿದ್ದರು. ಒಂದು ಕಡೆ ಅಥೀನಾ ದೇವಿ, ಇನ್ನೊಂದು ಕಡೆ ಅವಳ ಗೂಬೆ. ನಾಲ್ಕು ದ್ರಾಖ್ಮಾದ ಒಂದು ನಾಣ್ಯ ಅಂದರೆ 17 ಗ್ರಾಂ ಚಿಲ್ಲರೆ, ಲಾರಿಯಮ್ ಗಣಿಯ ಅಪ್ಪಟ ಬೆಳ್ಳಿ. ಹೊರಗಿನ ವ್ಯಾಪಾರಿಗಳೂ ಕಣ್ಣುಮುಚ್ಚಿ ತಗೊಳ್ಳುತ್ತಿದ್ದರು. ಕಣ್ಣು ಬಿಟ್ಟುಕೊಂಡಿದ್ದದ್ದು ಗೂಬೆ ಮಾತ್ರ.

ಕ್ರಿ.ಪೂ. 413ರಲ್ಲಿ ಅಥೆನ್ಸಿನ ಮೇಲೆ ಯುದ್ಧಕ್ಕೆ ನಿಂತಿದ್ದ ಸ್ಪಾರ್ಟಾದವರು ಊರಿನ ಹತ್ತಿರದ ಡೆಕೆಲಿಯಾದಲ್ಲಿ ಬಂದು ಕೂತರು. 20,000ಕ್ಕೂ ಜಾಸ್ತಿ ಗುಲಾಮರು ಓಡಿಹೋದರು. ಗಣಿ ಕೆಲಸ ಕುಸಿಯಿತು, ಖಜಾನೆ ಬರಿದಾಯಿತು. ಕೆಲವೇ ವರ್ಷಗಳಲ್ಲಿ ಸರ್ಕಾರಕ್ಕೊಂದು ಉಪಾಯ ಹೊಳೆಯಿತು: ಒಳಗೆ ತಾಮ್ರ, ಮೇಲೆ ತೆಳ್ಳಗೆ ಬೆಳ್ಳಿ. ಗೂಬೆ ಅದೇ! ಇದನ್ನೇ ಊರಿನವನೊಬ್ಬ ಮಾಡಿದ್ದರೆ ಖೋಟಾ ನಾಣ್ಯ, ಮರಣದಂಡನೆ. ಸರ್ಕಾರ ಮಾಡಿದರೆ ಆರ್ಥಿಕ ಕ್ರಮ.

ಆಗಿನ ಅಥೆನ್ಸಿನ ಹಾಸ್ಯ ನಾಟಕಕಾರ ಅರಿಸ್ಟೊಫೆನಿಸನ ನಾಟಕದಲ್ಲೊಬ್ಬ ಪಾಪದವನಿದ್ದಾನೆ. ಆ ಕಾಲದವರು ಚಿಲ್ಲರೆಯನ್ನು ಬಾಯಲ್ಲೇ ಇಟ್ಟುಕೊಳ್ಳುತ್ತಿದ್ದರು. ಇವನು ದ್ರಾಕ್ಷಿ ಮಾರಿ, ದವಡೆ ತುಂಬ ತಾಮ್ರದ ಕಾಸು ತುಂಬಿಕೊಂಡು ಬಾರ್ಲಿ ಹಿಟ್ಟು ತರಲು ಹೋದ. ಚೀಲ ಬಾಯಿ ಬಿಡಿಸಿ ಹಿಡಿದಿದ್ದಾನೆ, ಅಷ್ಟರಲ್ಲಿ ಡಂಗುರದವನು ಕೂಗಿದ: ಇನ್ನು ತಾಮ್ರ ಯಾರೂ ತಗೊಳ್ಳಬಾರದು, ನಮ್ಮದು ಬೆಳ್ಳಿ! ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತೀವಲ್ಲ, ಇವನದು ಬಾಯಿಗೆ ಬಂದದ್ದೂ ಕಾಸಿಗೆ ಬಾರದ್ದಾಯಿತು.

ಆಮೇಲೆ ಸರ್ಕಾರಕ್ಕೆ ಶುದ್ಧತೆಯ ಚಿಂತೆ ಹತ್ತಿತು. ಕ್ರಿ.ಪೂ. 375ರ ಸುಮಾರಿಗೆ ನಿಕೋಫೋನ್ ಎಂಬವನು ಕಾನೂನು ತಂದ. ಚಿನಿವಾರರ ಮೇಜುಗಳ ನಡುವೆ ಒಬ್ಬ ಸರ್ಕಾರಿ ಗುಲಾಮ ಕೂತು ನಾಣ್ಯ ಪರೀಕ್ಷಿಸಬೇಕು. ಒಳಗೆ ತಾಮ್ರ, ಸೀಸ ಕಂಡರೆ ಅಲ್ಲೇ ಕತ್ತರಿಸಬೇಕು. ಕತ್ತರಿಸಿದ ಖೋಟಾ ದೇವತೆಗಳ ತಾಯಿಗೆ ಅರ್ಪಣೆ. (ಹರಿದ ನೋಟನ್ನು ಹುಂಡಿಗೆ ಹಾಕುವ ನಾವು ನಗುವ ಹಾಗಿಲ್ಲ.) ಪಿರೇಯಸ್ ಬಂದರಿಗೂ ಇನ್ನೊಬ್ಬ ಪರೀಕ್ಷಕ ಬೇಕಾಯಿತು. ಹುದ್ದೆ ತುಂಬಲು ಅರ್ಜಿ, ಸಂದರ್ಶನ ಏನೂ ಇಲ್ಲ. ಇದ್ದ ಗುಲಾಮರಲ್ಲಿ ಆರಿಸಿ, ಸಿಗದಿದ್ದರೆ ಕೊಂಡು ತನ್ನಿ, ಅಷ್ಟೇ.

ಪರೀಕ್ಷಕ ಕೂರಬೇಕಾದ ಕಡೆ ಕೂರದಿದ್ದರೆ, ಸರಿಯಾಗಿ ನೋಡದಿದ್ದರೆ? 50 ಚಾಟಿ ಏಟು. ಹಿಂದೆ ತಾಮ್ರಕ್ಕೆ ಬೆಳ್ಳಿ ಹೊದಿಸಿ ಹಂಚಲು ಒಪ್ಪಿದ ಮಹನೀಯರಿಗೆ ಎಷ್ಟು ಏಟು ಅನ್ನುವ ಕಲಮು ಇದರಲ್ಲಿಲ್ಲ. ಗೂಬೆ ಕೂರಿಸಲು ಒಂದು ತಲೆ ಸಿಕ್ಕಿತಲ್ವಾ, ಸಾಕು.

ಆ ಕಾನೂನಿನ ಕಲ್ಲು 1970ರಲ್ಲಿ ಅಥೆನ್ಸಿನ ಹಳೆ ಸಂತೆಬಯಲಲ್ಲಿ ಸಿಕ್ಕಿತು. ನಿಕೋಫೋನನ ಹೆಸರು ಅದರ ಮೇಲೆ ಈಗಲೂ ಓದಲು ಬರುತ್ತದೆ. ಮೇಜಿನ ಮುಂದೆ ಕೂತವನ ಹೆಸರು ಕೆತ್ತಿಸಿಲ್ಲ.